ಕಾಲಿಗೆ ನೀರು ಕೊಟ್ಟ ಬೇಸಿಗೆ

ಹೋದ ಮೇ ತಿಂಗಳು ನಾಶಿಕದ ಪಂಚವಟಿಯಲ್ಲಿ ಒಂದು ಮದುವೆಗೆ ಹೋಗಿದ್ದೆವು. ಧರ್ಮಶಾಲೆಯ ಬಾಗಿಲಲ್ಲಿ ಹೆಣ್ಣಿನ ಕಡೆಯ ಹೆಂಗಸೊಬ್ಬರು ತಾಮ್ರದ ತಂಬಿಗೆ ಹಿಡಿದು ಬಂದವರ ಕಾಲಿಗೆ ನೀರು ಹಾಕುತ್ತಿದ್ದರು. ಬಿಸಿಲಿಗೆ ಕಾದ ಕಲ್ಲಿನ ಮೇಲೆ ನೀರು ಬಿದ್ದಾಗ ಒಂದು ವಾಸನೆ ಏಳುತ್ತದಲ್ಲ, ಅರ್ಧ ಮಣ್ಣಿನದು, ಅರ್ಧ ಹೊಗೆಯದು, ಅದು ನನ್ನ ಮೂಗಿಗೆ ಬಡಿಯಿತು. ತಂಬಿಗೆ ನಮ್ಮವರ ಪಾದದ ಕಡೆ ಬಾಗಿತು. ನಾನು ಅವರ ರಟ್ಟೆ ಹಿಡಿದು ಹಿಂದಕ್ಕೆ ಎಳೆದೇಬಿಟ್ಟೆ. "ನೀರು ಬ್ಯಾಡ್ರಿ" ಎಂದದ್ದು ಸ್ವಲ್ಪ ಜೋರಾಗಿಯೇ ಬಂತು. ಸುತ್ತಲಿದ್ದವರು ನಕ್ಕರು. ಆ ಹೆಂಗಸು ತಂಬಿಗೆ ಹಿಡಿದುಕೊಂಡು ಹಾಗೆಯೇ ನಿಂತರು. ನಮ್ಮವರು ಮಾತ್ರ ನಗಲಿಲ್ಲ. ನನ್ನ ಮುಖ ನೋಡಿ, ತಮ್ಮ ಒಣ ಪಾದ ನೋಡಿಕೊಂಡು ಒಳಗೆ ನಡೆದರು.

ಅದೇ ಧರ್ಮಶಾಲೆ, ಅದೇ ಬಾಗಿಲು. ಮೂರು ಬೇಸಿಗೆಯ ಹಿಂದೆ ಅಲ್ಲಿ ತಂಬಿಗೆ ಹಿಡಿದು ನಿಂತವಳು ನಾನು.

ನಾನು ವಿಜಯಪುರದವಳು, ಇನ್‌ಸ್ಟ್ರುಮೆಂಟೇಶನ್ ಡಿಪ್ಲೊಮಾ ಮಾಡಿಕೊಂಡವಳು. ನಮ್ಮವರು ಗದಗಿನ ಗುರುನಾಥ. ಓಝರ್ ಹತ್ತಿರದ ವಿಮಾನ ಕಾರ್ಖಾನೆಯಲ್ಲಿ ತಪಾಸಣೆ ವಿಭಾಗದಲ್ಲಿದ್ದಾರೆ. ಬೇರೆಯವರು ಮಾಡಿದ ಕೆಲಸದಲ್ಲಿ ತಪ್ಪು ಹುಡುಕುವುದೇ ಅವರ ನೌಕರಿ. ಯಾವುದಾದರೂ ಭಾಗದ ಮೇಲೆ ಸಂಶಯ ಬಂದರೆ ಅದಕ್ಕೊಂದು ಕೆಂಪು ಚೀಟಿ ಕಟ್ಟುತ್ತಾರೆ. ಮತ್ತೊಮ್ಮೆ ಅಳೆದು ನೋಡುವ ತನಕ ಅದನ್ನು ಯಾರೂ ಮುಟ್ಟುವ ಹಾಗಿಲ್ಲ. ಮನೆಗೆ ಬಂದ ಮೇಲೂ ಈ ಚಟ ಬಿಡುವುದಿಲ್ಲ. ನನ್ನ ಚಪಾತಿಯ ದುಂಡುತನಕ್ಕೂ ಅವರ ಕಣ್ಣಲ್ಲಿ ಒಂದು ಅಳತೆ ಇದೆ.

ಆ ವರ್ಷ ನಾನು ಛತ್ರಪತಿ ಸಂಭಾಜಿನಗರದ ಶೇಂದ್ರಾದಲ್ಲಿ ಒಂದು ಸಣ್ಣ ಕಂಪನಿ ಸೇರಿದ್ದೆ. ವಾರವೆಲ್ಲ ಅಲ್ಲಿ ಒಂದು ಕೋಣೆ, ಶನಿವಾರ ಮಧ್ಯಾಹ್ನ ವೈಜಾಪುರ, ಯೇವಲಾ ದಾಟಿ ನಾಶಿಕಕ್ಕೆ ಬಸ್ಸು. ಊರಿನ ಹೊಸ ಹೆಸರು ಆಗಷ್ಟೇ ಬೋರ್ಡಿಗೆ ಬಂದಿತ್ತು, ಕಂಡಕ್ಟರುಗಳ ಬಾಯಿಗೆ ಇನ್ನೂ ಕೂತಿರಲಿಲ್ಲ. ಬಸ್ಸಿನಿಂದ ಇಳಿದು ಮನೆಗೆ ಬಂದರೆ ವಾರದ ಕಸ ಕಾದಿರುತ್ತಿತ್ತು. ನೆಲ ಒರೆಸಿ ಕೂಡುತ್ತಿದ್ದಂತೆ ಮಗಳು ಮುಕ್ತಾ ಒದ್ದೆ ಕಾಲಲ್ಲಿ ಓಡಾಡಿ ಹೆಜ್ಜೆ ಮೂಡಿಸುವಳು, ನಾನು ಬೈಯುವೆ. ನಮ್ಮವರು ನಡೆದರೆ ಒಂದು ಗುರುತೂ ಬೀಳುತ್ತಿರಲಿಲ್ಲ. ದಿನವಿಡೀ ಬೂಟು ಹಾಕಿದರೂ ಅವರ ಸಾಕ್ಸು ವಾಸನೆ ಬರುತ್ತಿರಲಿಲ್ಲ. ನಮ್ಮವರಷ್ಟು ಸ್ವಚ್ಛ ಗಂಡಸು ಇಲ್ಲ ಎಂದು ನೆರೆಮನೆಯಲ್ಲಿ ಹೇಳಿಕೊಂಡು ತಿರುಗಿದವಳು ನಾನು. ಬುದ್ಧಿ ಎಲ್ಲಿ ಅಡವಿಟ್ಟಿದ್ದೆನೋ.

ಅವರ ತಂದೆಗೆ ಸಕ್ಕರೆ ಕಾಯಿಲೆ ಇತ್ತು. ಕಾಲಿಗೆ ಮುಳ್ಳು ಚುಚ್ಚಿದ್ದೇ ತಿಳಿಯಲಿಲ್ಲ. ಅದು ಗಾಯವಾಗಿ, ಬೆರಳು ಹೋಗಿ, ಪಾದ ಹೋಗಿ, ಕೊನೆಗೆ ಅವರೇ ಹೋದರು. ಅದನ್ನು ಕಣ್ಣಾರೆ ಕಂಡ ಮಗ ಎಚ್ಚರಾಗಬೇಕಿತ್ತು. ಇವರು ಹೆದರಿದರು. ಸೂಜಿ ಎಂದರೆ ಮುಖ ಬೆಳ್ಳಗಾಗುತ್ತಿತ್ತು. ಕಾರ್ಖಾನೆಯಲ್ಲಿ ವರ್ಷಕ್ಕೊಮ್ಮೆ ರಕ್ತ ತೆಗೆಯುವ ದಿನವೇ ಇವರಿಗೆ ಎಲ್ಲಿಲ್ಲದ ಕೆಲಸ ಬಂದುಬಿಡುವುದು. ನಾಶಿಕದ ಮೊಳಕೆಕಾಳಿನ ಖಾರ ಮಿಸಳ್, ಅದರ ಜೊತೆ ಜಿಲೇಬಿ, ಮೇಲೊಂದು ಗ್ಲಾಸು ಕಬ್ಬಿನ ಹಾಲು, ಇವಕ್ಕೆ ಮಾತ್ರ ಯಾವ ಕೆಲಸವೂ ಅಡ್ಡ ಬರುತ್ತಿರಲಿಲ್ಲ. ನಾನು ವರ್ಷಗಟ್ಟಲೆ ಹೇಳಿ ಹೇಳಿ ಸೋತಿದ್ದೆ.

ಅಂಥದ್ದರಲ್ಲಿ ನಮ್ಮ ಕಂಪನಿಗೆ ಆ ಯಂತ್ರ ಬಂತು. ಬಂತು ಅಂದರೆ, ನಾವೇ ಜೋಡಿಸಿ ಕಟ್ಟಿದೆವು. ಕಾಲಿಗೆ ಎರಡು ಉಕ್ಕಿನ ತಟ್ಟೆ, ಅಂಗೈಗೆ ಎರಡು, ನಡುವೆ ಒಂದು ಪರದೆ. ಬರಿಗಾಲಲ್ಲಿ ನಿಂತು ಕೈ ಊರಿದರೆ ಗೊತ್ತೂ ಆಗದಷ್ಟು ಸಣ್ಣ ವಿದ್ಯುತ್ತು ಹರಿಯುತ್ತದೆ. ಚರ್ಮದ ಕೆಳಗಿನ ಬೆವರಿನ ಗ್ರಂಥಿಗಳು ಚುರುಕಾಗಿದ್ದರೆ ಪರದೆಯ ಮೇಲೆ ಹಸಿರು, ಮಂಕಾಗಿದ್ದರೆ ಹಳದಿ, ಸುಮ್ಮನೆ ಕೂತಿದ್ದರೆ ಕೆಂಪು. ಮೂರು ನಿಮಿಷದ ಕೆಲಸ. ಸೂಜಿ ಇಲ್ಲ, ಉಪವಾಸ ಇಲ್ಲ. ಸಕ್ಕರೆ ಕಾಯಿಲೆ ಸದ್ದಿಲ್ಲದೆ ಒಳಗೆ ಬಂದಾಗ ಮೊದಲು ಬಾಡುವವುಗಳಲ್ಲಿ ಬೆವರಿನ ಗ್ರಂಥಿಗೆ ಹೋಗುವ ಎಳೆ ನರಗಳೂ ಸೇರಿವೆಯಂತೆ. ಅಂಗಾಲಲ್ಲಿ ಆ ಗ್ರಂಥಿಗಳು ಹೇರಳ. ಹೀಗೆಲ್ಲ ನಮಗೆ ಪಾಠ ಮಾಡಿದವರು ವೈಶಾಲಿ ಡಾಕ್ಟರ್. ಐವತ್ತರ ಆಚೀಚೆಯ ತೆಳ್ಳನೆಯ ಹೆಂಗಸು, ಕ್ಯಾನ್ವಾಸ್ ಬೂಟು ಹಾಕಿ ಸರಸರ ನಡೆಯುವವರು. "ಘಾಮ್ ಖೋಟಂ ಬೋಲತ್ ನಾಹೀ" ಎನ್ನುವರು, ಬೆವರು ಸುಳ್ಳು ಹೇಳುವುದಿಲ್ಲ ಎಂದು. ಅದರ ಬೆನ್ನಿಗೇ ಎಚ್ಚರಿಕೆಯನ್ನೂ ಕೊಡುವರು. ಇದು ಬಾಗಿಲ ಗಂಟೆ ಮಾತ್ರ, ಒಳಗೆ ಯಾರಿದ್ದಾರೆಂದು ಹೇಳಬೇಕಾದದ್ದು ರಕ್ತದ ಪರೀಕ್ಷೆಯೇ. ಕೆಂಪು, ಹಳದಿ ಬಂದವರನ್ನು ರಕ್ತಕ್ಕೆ ಕಳಿಸುವುದು, ಹಸಿರು ಬಂದವರನ್ನು ಮನೆಗೆ ಕಳಿಸುವುದು, ಇದು ನಮ್ಮ ಶಿಬಿರದ ಕ್ರಮವಾಗಿತ್ತು.

ಮೊದಲ ವಾರ ಶೇಂದ್ರಾದ ಒಂದು ಕಾರ್ಖಾನೆಯಲ್ಲಿ. ಏಪ್ರಿಲ್ ಬಿಸಿಲಿಗೆ ತಗಡಿನ ಛಾವಣಿ ಪಟಪಟ ಅನ್ನುತ್ತಿತ್ತು. ಕೆಲಸಗಾರರು ದಪ್ಪ ಬೂಟು ಕಳಚಿ ಸಾಲಾಗಿ ನಿಂತರು. ಒಬ್ಬೊಬ್ಬರು ಇಳಿದ ಮೇಲೂ ನಾನು ಸ್ಪಿರಿಟ್ ಹಚ್ಚಿ ತಟ್ಟೆ ಒರೆಸುವೆ. ಕ್ರೇನ್ ನಡೆಸುವ ಕೈಲಾಸ ಬಂದ. ಮೂವತ್ತೈದರ ಗಟ್ಟಿ ಆಳು, ನಗುತ್ತಲೇ ತಟ್ಟೆ ಏರಿದ. ಪರದೆ ಕೆಂಪಾಯಿತು. ಮರುದಿನ ರಕ್ತದ ವರದಿಯೂ ಅದನ್ನೇ ಹೇಳಿತು. ಅವನಿಗೆ ಕಾಯಿಲೆ ಇದೆಯೆಂದು ಅವನಿಗೂ ಗೊತ್ತಿರಲಿಲ್ಲ, ಅವನ ಹೆಂಡತಿಗೂ ಗೊತ್ತಿರಲಿಲ್ಲ. ನಾನು ಬೆಸುಗೆ ಹಾಕಿದ ತಂತಿಗೆ ಗೊತ್ತಾಗಿತ್ತು. ಒಬ್ಬ ಮನುಷ್ಯನಿಗೆ ಕಾಯಿಲೆ ಇದೆ ಎಂದು ತಿಳಿದು ಕುಣಿಯಬಾರದು, ಆದರೂ ನಾನು ಕುಣಿದೆ. ಬೇಗ ಸಿಕ್ಕಿಬಿದ್ದಿತಲ್ಲ ಆ ಕಳ್ಳ ಕಾಯಿಲೆ, ಅದಕ್ಕೆ. ಆ ರಾತ್ರಿ ಊಟ ಸೇರಲಿಲ್ಲ, ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಶನಿವಾರ ಬಸ್ಸು ಇಳಿಯುತ್ತಲೇ ನಮ್ಮವರೊಂದಿಗೆ ಒಪ್ಪಂದ ಮಾಡಿಕೊಂಡೆ. ಮರುದಿನ ಪಂಚವಟಿಯ ಶಿಬಿರಕ್ಕೆ ಬಂದು ತಟ್ಟೆ ಏರಬೇಕು. ಕೆಂಪು ಬಂದರೆ ಅಲ್ಲೇ ತೋಳು ಚಾಚಿ ರಕ್ತ ಕೊಡಬೇಕು. ಹಸಿರು ಬಂದರೆ ಇನ್ನು ಮುಂದೆ ನಾನು ರಕ್ತದ ಮಾತನ್ನೇ ಎತ್ತಬಾರದು. ಸೂಜಿ ಇಲ್ಲವೆಂದ ಕೂಡಲೇ ಒಪ್ಪಿದರು. ಹದಿನೈದು ವರ್ಷದಲ್ಲಿ ಅವರು ಇಷ್ಟು ಬೇಗ ಒಪ್ಪಿದ್ದು ಅದೊಂದೇ ಮಾತಿಗೆ.

ಭಾನುವಾರ ಬೆಳಗಾಗುತ್ತಲೇ ಧರ್ಮಶಾಲೆಯಲ್ಲಿ ಯಂತ್ರ ಹೂಡಿದೆ. ವೈಶಾಲಿ ಡಾಕ್ಟರ್ ಸಂಭಾಜಿನಗರದಲ್ಲೇ ಉಳಿದಿದ್ದರು, ಇಲ್ಲಿಯ ಯಜಮಾನಿಕೆ ಎಲ್ಲ ನನ್ನದೇ. ಹೂ ಮಾರುವವರು, ಪೂಜಾರಿಗಳು, ರಿಕ್ಷಾ ನಡೆಸುವವರು, ನದಿಗೆ ಹೋಗಿ ಬರುವ ಹೆಂಗಸರು ಆ ಓಣಿಯ ಧೂಳು ತುಳಿದು ಬರತೊಡಗಿದರು. ನಾನು ಬರೆದ ಸೂಚನೆಯಲ್ಲಿ 'ಪಾದ ಸ್ವಚ್ಛವಾಗಿರಬೇಕು' ಎಂದಿತ್ತು. ನಮ್ಮ ಕಡೆ ಮನೆಗೆ ಬಂದವರಿಗೆ ಮೊದಲು ಕೈಕಾಲಿಗೆ ನೀರು ಕೊಡುತ್ತಾರೆ, ಆಮೇಲೆ ಕುಡಿಯಲು, ಆಮೇಲೆ ಮಾತು. ಕಾಲಿಗೆ ನೀರು ಕೊಡದ ಮನೆ ಮನೆಯೇ ಅಲ್ಲ ಎಂದು ನಮ್ಮವ್ವ ನನಗೆ ಹೇಳಿಕೊಟ್ಟಿದ್ದಳು. ನಾನು ಧರ್ಮಶಾಲೆಯ ಅಡಿಗೆಮನೆಯಿಂದ ಒಂದು ಕೊಡ, ಒಂದು ತಂಬಿಗೆ ತಂದು ಬಾಗಿಲಲ್ಲಿಟ್ಟೆ. ಬೋರ್‌ವೆಲ್ ನೀರು. ಬಂದವರಿಗೆಲ್ಲ ನಾನೇ ಬಗ್ಗಿ ಕಾಲಿಗೆ ನೀರು ಹಾಕಿದೆ. ಹೂ ಮಾರುವ ಮಂದಾ ಮಾವಶಿಗೆ ಕಣ್ಣಲ್ಲಿ ನೀರೇ ಬಂತು. ತನ್ನ ಸೊಸೆ ಕೂಡ ಇಷ್ಟು ಮಾಡಿಲ್ಲ ಎಂದು ನನ್ನ ಮುಡಿಗೆ ಒಂದು ಗಜರೆ ಸಿಕ್ಕಿಸಿ, ಉಕ್ಕಿನ ತಟ್ಟೆಗೆ ಕೈಮುಗಿದು ಏರಿದಳು. ಹಸಿರು. ಅವಳ ಹಿಂದಿನವರೂ ಹಸಿರು. ಸಾಲಿಗೆ ಸಾಲೇ ಹಸಿರು.

ಊಟದ ಹೊತ್ತಿಗೆ ನಮ್ಮವರು ಬಂದರು, ಇಸ್ತ್ರಿ ಮಾಡಿದ ಅಂಗಿ, ಪಾಲಿಶ್ ಮಾಡಿದ ಬೂಟು. ಬೂಟು ಕಳಚಿಸಿ ಅವರ ಕಾಲಿಗೂ ಧಾರಾಳವಾಗಿ ಎರೆದೆ, ಬೀಗರಿಗೆ ಎರೆದಂತೆ. ಅವರು ಉಸಿರು ಹಿಡಿದು ತಟ್ಟೆ ಏರಿದರು. ಮೂರು ನಿಮಿಷ. ಹಸಿರು. ನಾನು ಜನರ ಮುಂದೆಯೇ ಅವರ ಕೈ ಹಿಡಿದು ಅಲ್ಲಾಡಿಸಿದೆ. ಸಂಜೆ ಪೇಢೆ ಹಂಚಿದೆವು. ಡಾಕ್ಟರಿಗೆ ಫೋನು ಮಾಡಿದೆ, ನಾಶಿಕದ ನೀರು ಗಾಳಿಯೇ ಬೇರೆ ಎಂದು ಹೆಮ್ಮೆಪಟ್ಟೆ. ಅವರು ಒಬ್ಬರೂ ಕೆಂಪಿಲ್ಲವೇ ಎಂದು ಕೇಳಿದರು. ನನಗೆ ಅದು ಹೊಟ್ಟೆಕಿಚ್ಚಿನ ಮಾತಿನಂತೆ ಕೇಳಿಸಿತು.

ನನ್ನ ಹಮ್ಮು ಇಳಿದದ್ದು ಬುಧವಾರ. ಶೇಂದ್ರಾದಲ್ಲಿ ಯಂತ್ರ ನೋಡಲು ಬೇರೆ ಕಾರ್ಖಾನೆಯ ಕೆಲವರು ಬರುವವರಿದ್ದರು. ಕೆಂಪು ಹೇಗೆ ಬರುತ್ತದೆಂದು ತೋರಿಸೋಣವೆಂದು ಕೈಲಾಸನನ್ನು ಕರೆಸಿದೆ. ಅವನು ಪಾಳಿ ಮುಗಿಸಿ, ನಲ್ಲಿಯಲ್ಲಿ ಕೈಕಾಲು ತೊಳೆದು, ನೀರು ತೊಟ್ಟಿಕ್ಕುತ್ತಲೇ ಬಂದು ತಟ್ಟೆ ಏರಿದ. ಪರದೆ ಹಸಿರಾಯಿತು.

ಅವನಿಗೆ ಖುಷಿಯೋ ಖುಷಿ. ಒಂದು ವಾರ ಹಾಗಲಕಾಯಿ ರಸ ಕುಡಿದದ್ದು ಫಲ ಕೊಟ್ಟಿತು ಎಂದ. ಒಂದು ವಾರದಲ್ಲಿ ನರ ಚಿಗುರುತ್ತದೆಯೇ? ಅವನನ್ನು ಬೆಂಚಿನ ಮೇಲೆ ಕೂರಿಸಿ, ಪಾದ ಒರೆಸಿ, ಫ್ಯಾನಿನ ಗಾಳಿಗೆ ಹತ್ತು ನಿಮಿಷ ಆರಿಸಿ ಮತ್ತೆ ಏರಿಸಿದೆ. ಕೆಂಪು. ನೀರು ಹಾಕಿದೆ. ಹಸಿರು. ಒರೆಸಿ ಆರಿಸಿದೆ. ಕೆಂಪು. ಅವನು ಬೇಸತ್ತು ಹೊರಟುಹೋದ ಮೇಲೆ ನಾನೇ ಚಪ್ಪಲಿ ಬಿಟ್ಟು ಒದ್ದೆ ಕಾಲಲ್ಲಿ, ಒಣ ಕಾಲಲ್ಲಿ, ಕುಡಿಯುವ ನೀರು ಹಾಕಿ, ನಲ್ಲಿಗೆ ಬರುವ ಬೋರಿನ ಗಡಸು ನೀರು ಹಾಕಿ ಏರಿ ಇಳಿದು, ಬಣ್ಣದ ಕೆಳಗೆ ಬರುವ ಅಂಕಿ ನೋಡಿದೆ. ಬೋರಿನ ನೀರಿನಲ್ಲಿದ್ದ ಉಪ್ಪು ಬೆವರಿನ ವೇಷ ಹಾಕಿಕೊಂಡು ಪರದೆಯ ಮೇಲೆ ಕುಣಿಯುತ್ತಿತ್ತು. ಗುಟ್ಟು ಸಿಕ್ಕಿತು ಎಂದು ಒಂದು ಕ್ಷಣ ಚಪ್ಪಾಳೆಯನ್ನೂ ತಟ್ಟಿದೆ. ಮರುಕ್ಷಣ ಪಂಚವಟಿಯ ತಂಬಿಗೆ ಕಣ್ಣ ಮುಂದೆ ಬಂತು. ಬೆವರು ಸುಳ್ಳು ಹೇಳಿರಲಿಲ್ಲ. ನಾನು ಕೊಟ್ಟ ನೀರು ಹೇಳಿತ್ತು.

ನಲವತ್ತಕ್ಕೂ ಹೆಚ್ಚು ಜನರಿಗೆ ನಿಮಗೇನೂ ಇಲ್ಲ ಹೋಗಿ ಎಂದು ನಗುನಗುತ್ತಾ ಹೇಳಿ ಕಳಿಸಿದ್ದೆ. ಡಾಕ್ಟರಿಗೆ ಹೇಳಿದರೆ ಶಿಬಿರ ನಿಂತೀತು, ನನ್ನ ನೌಕರಿ ಹೋದೀತು, ಯಂತ್ರವನ್ನೇ ಮೂಲೆಗೆ ಎಸೆದಾರು. ಹೇಳದಿದ್ದರೆ ಯಾರಿಗೂ ತಿಳಿಯುವ ಹಾಗಿರಲಿಲ್ಲ. ಮೊದಲು ನಮ್ಮವರಿಗೆ ಫೋನು ಮಾಡಿ ಎಲ್ಲ ಒದರಿದೆ. ಎಲ್ಲ ಕೇಳಿ ಅವರು ತಮ್ಮ ತಪಾಸಣೆಯ ದನಿಯಲ್ಲೇ ಹೇಳಿದರು.

"ಗೇಜ್ ತಪ್ಪಿತ್ತು ಅಂತ ಗೊತ್ತಾದ ಮ್ಯಾಲ ಇಚಾರ ಮಾಡೂದೇನೈತಿ? ಆ ಗೇಜಿಲೆ ಅಳದದ್ದು ಎಷ್ಟೈತಿ, ಅಷ್ಟೂ ವಾಪಸ್ ಕರಸಬೇಕು. ವಿಮಾನಕ್ಕ ಹಚ್ಚಿ ಅದು ಮ್ಯಾಲ ಹಾರೇತಿ ಅಂದ್ರೂ ಇಳಸಬೇಕು. ಒಂದೂ ಬಿಡಂಗಿಲ್ಲ."

"ಒಂದೂ ಬಿಡಂಗಿಲ್ಲೇನ್ರಿ?" ಎಂದೆ.

"ಒಂದೂ" ಎಂದರು. ಮನೆಯ ಫ್ಯಾನು ತಿರುಗುವುದು ಫೋನಿನಲ್ಲಿ ಕೇಳುತ್ತಿತ್ತು. ಆಮೇಲೆ ತಗ್ಗಿದ ದನಿಯಲ್ಲಿ "ನಂದು ಬ್ಯಾರೆ ಬಿಡು" ಎಂದು ಫೋನಿಟ್ಟರು.

ಡಾಕ್ಟರು ಬೈಯುತ್ತಾರೆಂದು ಅವರ ಮುಂದೆ ತಲೆ ತಗ್ಗಿಸಿ ನಿಂತೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಒಂದು ಊರಿಗೆ ಊರೇ ಹಸಿರಾದ ದಿನವೇ ತಮಗೆ ನಿದ್ದೆ ಬಂದಿರಲಿಲ್ಲ ಎಂದರು. ತಪ್ಪು ಮಾಡಿದ ಕೈಯೇ ತಪ್ಪನ್ನು ಹಿಡಿದಿದೆ, ಇದಕ್ಕಿಂತ ಒಳ್ಳೆಯದು ಏನಿದೆ ಎಂದರು. ನನ್ನ ಕೈಯಿಂದಲೇ ಸೂಚನೆಗೆ ಹೊಸ ಸಾಲು ಸೇರಿಸಿದರು: ಪಾದ ಒಣಗಿರಬೇಕು, ತೊಳೆದಿದ್ದರೆ ಒರೆಸಿ ಹತ್ತು ನಿಮಿಷ ಕಾಯಬೇಕು. ಭಾನುವಾರ ತಾವೂ ಬರುವುದಾಗಿ ಹೇಳಿದರು, ಒಂದು ಚೀಲ ಟವೆಲ್ಲು ತರಲು ನನಗೆ ಹೇಳಿದರು. ನನಗೆ ಅಳು ಬಂದುಬಿಟ್ಟಿತು. ಆದರೆ ಅಳುತ್ತಾ ಕೂಡಲು ಪುರಸೊತ್ತಿರಲಿಲ್ಲ.

ಆ ಭಾನುವಾರದ ಓಡಾಟ ನೆನೆದರೆ ಈಗಲೂ ಮೈಯಲ್ಲಿ ಹುರುಪು ಏರುತ್ತದೆ. ಹೆಸರಿನ ಪಟ್ಟಿ ಹಿಡಿದು ಪಂಚವಟಿಯ ಓಣಿ ಓಣಿ ತಿರುಗಿದೆ. ಹೂವಿನ ಬುಟ್ಟಿಗಳ ನಡುವೆ, ರಿಕ್ಷಾ ನಿಲ್ದಾಣದಲ್ಲಿ, ಗುಡಿಯ ಮೆಟ್ಟಿಲ ಮೇಲೆ, ಎಲ್ಲ ಕಡೆ ಒಂದೇ ಮಾತು, ನನ್ನ ತಪ್ಪು, ಇನ್ನೊಮ್ಮೆ ಬನ್ನಿ. ಕೆಲವರು ನಕ್ಕರು, ಕೆಲವರು ಸಿಟ್ಟಾದರು. ಮಂದಾ ಮಾವಶಿ ಸೊಂಟದ ಮೇಲೆ ಕೈಯಿಟ್ಟು ನಿಂತಳು. ಹೋದ ವಾರ ನೀನೇ ಕಾಲು ತೊಳೆದೆ, ಈ ವಾರ ತೊಳೆದುಕೊಂಡು ಬಂದವರನ್ನು ಒರೆಸಿ ಕೂರಿಸುತ್ತೀ, ನಿನ್ನ ಯಂತ್ರಕ್ಕೆ ಮಡಿಯೋ ಮೈಲಿಗೆಯೋ ಎಂದು ಮರಾಠಿಯಲ್ಲಿ ತರಾಟೆಗೆ ತೆಗೆದುಕೊಂಡಳು. ಬೈಯುತ್ತಲೇ ಬಂದಳು, ಬೈಯುತ್ತಲೇ ಹತ್ತು ನಿಮಿಷ ಪಾದ ಆರಿಸಿದಳು, ಬೈಯುತ್ತಲೇ ತಟ್ಟೆ ಏರಿದಳು. ಈ ಸಲ ಹಳದಿ. ಆಗ ಸುಮ್ಮನಾದಳು. ಡಾಕ್ಟರು ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡು ಮೆಲ್ಲಗೆ ತಿಳಿ ಹೇಳಿದರು, ಅವಳು ತಾನೇ ತೋಳು ಚಾಚಿದಳು. ಹಸಿರು ಬಂದವರೂ ಬೇಕಾದಷ್ಟಿದ್ದರು. ಈಗಿನದು ನಿಜವಾದ ಹಸಿರು, ನೋಡಿದರೇ ಹೊಟ್ಟೆ ತಣ್ಣಗಾಗುವಂಥದ್ದು. ಪಟ್ಟಿಯ ಮೇಲೆ ಒಂದೊಂದೇ ಗುರುತು ಬೀಳುತ್ತಾ ಬಂತು.

ಮೂರೂವರೆಯಾಗುವಷ್ಟರಲ್ಲಿ ಒಂದೇ ಹೆಸರು ಉಳಿದಿತ್ತು. ಅದು ನಮ್ಮವರದು.

ಬೆಳಿಗ್ಗೆ ಮನೆಯಿಂದ ಹೊರಡುವಾಗ ಅವರು ಪತ್ರಿಕೆಯಿಂದ ತಲೆ ಎತ್ತಿರಲಿಲ್ಲ. ಹದಿನೈದು ವರ್ಷ ಕಾಡಿದ ಹಾಗೆ ಇನ್ನೊಮ್ಮೆ ಕಾಡಲು ನನಗೆ ಮನಸ್ಸಾಗಲಿಲ್ಲ. ಆಡಿದ ಮಾತು ಅವರದೇ, ನೆನಪಿದ್ದರೆ ಬರಲಿ ಎಂದು ಬಂದುಬಿಟ್ಟಿದ್ದೆ. ಒಂದೂ ಬಿಡಂಗಿಲ್ಲ ಎಂದವರು ತಮ್ಮನ್ನೇ ಬಿಟ್ಟುಕೊಂಡರೆ? ಅವರ ತಂದೆಯ ಕಾಲು ನೆನಪಾಯಿತು. ನಾನು ತಟ್ಟೆಗಳನ್ನು ಒರೆಸಿದ್ದನ್ನೇ ಒರೆಸುತ್ತಾ ಬಾಗಿಲು ನೋಡುತ್ತಿದ್ದೆ. ಡಾಕ್ಟರು ಹೊರಡೋಣವೇ ಎನ್ನಲಿಲ್ಲ, ತಾವೇ ಚಹಾ ತರಿಸಿದರು.

ನಾಲ್ಕು ಗಂಟೆಗೆ ಬಾಗಿಲಲ್ಲಿ ನೆರಳು ಬಿತ್ತು. ನಮ್ಮವರು, ಅವರ ಹಿಂದೆ ಮುಕ್ತಾ. ಅಂಗಿಯ ಎರಡನೆಯ ಗುಂಡಿಗೆ ದಾರದಿಂದ ಒಂದು ಕೆಂಪು ಚೀಟಿ ಕಟ್ಟಿತ್ತು. ಮಗಳ ಕ್ರಾಫ್ಟ್ ಕಾಗದದ್ದು. ಅದರ ಮೇಲೆ ತಮ್ಮ ದುಂಡು ಅಕ್ಷರದಲ್ಲಿ ಹೆಸರು, ಹುಟ್ಟಿದ ಇಸವಿ, ಅದರ ಕೆಳಗೆ 'ಸಂಶಯಾಸ್ಪದ, ಮತ್ತೊಮ್ಮೆ ಅಳೆಯುವುದು' ಎಂದು ಬರೆದಿದ್ದರು. ಕಿರಾಣಿ ಅಂಗಡಿಯವರು, ರಿಕ್ಷಾದವರು ಎಲ್ಲ ನೋಡಿರಬೇಕು, ಅಷ್ಟು ದೂರ ಹಾಗೆಯೇ ಬಂದಿದ್ದರು. ಮುಕ್ತಾ ನನ್ನ ಕಿವಿಯಲ್ಲಿ, "ಅಪ್ಪಾ ಘಾಬರ್‌ಲೇತ, ಆದ್ರ ಬಂದಾರ" ಎಂದಳು. ಅವಳು ಹೆದರಿಕೆಯನ್ನು ಮರಾಠಿಯಲ್ಲಿ ಹೇಳಿ ಬಂದದ್ದನ್ನು ಕನ್ನಡದಲ್ಲಿ ಹೇಳಿದ್ದು ನನಗೆ ಇನ್ನೂ ನೆನಪಿದೆ.

ಅವರು ಬೂಟು ಬಿಚ್ಚಿದರು. ಈ ಸಲ ನಾನು ನೀರು ಕೊಡಲಿಲ್ಲ. ಪಾದ ಒರೆಸಿಕೊಳ್ಳಲು ಟವೆಲ್ ಕೊಟ್ಟೆ, ಒರೆಸಲು ಅಲ್ಲಿ ಏನೂ ಇರಲಿಲ್ಲ. ಏಪ್ರಿಲ್ ತಿಂಗಳ ಮಧ್ಯಾಹ್ನ, ದಪ್ಪ ಚರ್ಮದ ಬೂಟಿನೊಳಗಿದ್ದ ಪಾದ ಹಪ್ಪಳದಷ್ಟು ಒಣಗಿತ್ತು. ಆಗ ನನಗೆ ನೆಲದ ಮೇಲೆ ಬೀಳದ ಗುರುತು, ವಾಸನೆ ಬಾರದ ಸಾಕ್ಸು, ನಾನು ಊರೆಲ್ಲ ಹೇಳಿಕೊಂಡು ತಿರುಗಿದ ಅವರ ಸ್ವಚ್ಛತೆ, ಎಲ್ಲ ಒಟ್ಟಿಗೇ ಅರ್ಥವಾಯಿತು. ಮನೆಯಲ್ಲೇ ಗಂಟೆ ಬಾರಿಸುತ್ತಿತ್ತು, ನಾನು ಕಿವುಡಿಯಾಗಿದ್ದೆ.

ಮೂರು ನಿಮಿಷ. ಕೆಂಪು.

ನಮ್ಮವರು ಪರದೆ ನೋಡಿದರು, ಗುಂಡಿಯ ಮೇಲಿನ ಚೀಟಿ ನೋಡಿಕೊಂಡರು. "ಚೀಟಿ ಕಟ್ಟಿದ್ದು ಬರೋಬ್ಬರಿ ಆತು ನೋಡು" ಎಂದರು. ಕೆಳಗಿಳಿದು ಕುರ್ಚಿಯ ಮೇಲೆ ಕೂತು, ಅಂಗಿಯ ತೋಳು ಮಡಿಸಿ, ಕಣ್ಣು ಮುಚ್ಚಿ ಕೈ ಚಾಚಿದರು. ಇನ್ನೊಂದು ಕೈ ನನ್ನ ಕೈಯಲ್ಲಿತ್ತು, ಬೆರಳು ನುಜ್ಜಾಗುವಷ್ಟು ಗಟ್ಟಿ ಹಿಡಿದಿದ್ದರು. ಸೂಜಿ ಹೋಗಿ ಬಂದದ್ದೇ ಅವರಿಗೆ ತಿಳಿಯಲಿಲ್ಲ. "ಮುಗೀತೇನು, ಇಷ್ಟಕ್ಕ ಹದಿನೈದು ವರ್ಷ ಓಡಿದ್ನೇನು" ಎಂದರು. ಡಾಕ್ಟರಿಗೆ ಕನ್ನಡ ತಿಳಿಯದು, ಆದರೂ ಅವರೇ ಎಲ್ಲರಿಗಿಂತ ಜೋರಾಗಿ ನಕ್ಕರು.

ಮರುದಿನದ ವರದಿಯಲ್ಲಿ ಸಕ್ಕರೆ ಇತ್ತು, ಇರಬೇಕಾದದ್ದಕ್ಕಿಂತ ಬಹಳ ಹೆಚ್ಚು. ಆದರೆ ಆ ವಾರದ ಉಳಿದ ತಪಾಸಣೆ ಮುಗಿದಾಗ, ಕಣ್ಣು, ಮೂತ್ರಪಿಂಡ ಇನ್ನೂ ಸುರಕ್ಷಿತ, ಪಾದದಲ್ಲಿ ಸ್ಪರ್ಶ ಉಳಿದಿದೆ, ಸರಿಯಾದ ಹೊತ್ತಿಗೆ ಸಿಕ್ಕಿದಿರಿ ಎಂದರು ಡಾಕ್ಟರು. ಸಕ್ಕರೆಯ ಸುದ್ದಿಗೆ ಸಿಹಿ ಹಂಚಲು ಬರುವಂತಿದ್ದರೆ ಅವತ್ತು ಪಂಚವಟಿಗೆಲ್ಲ ಹಂಚುತ್ತಿದ್ದೆ. ಆ ವರ್ಷ ಮಳೆ ಬರುವಷ್ಟರಲ್ಲಿ ನಾವು ದಿಂಡೋರಿಯ ದ್ರಾಕ್ಷಿ ತೋಟಗಳಲ್ಲೂ ಶಿಬಿರ ಮಾಡಿದೆವು. ನನ್ನ ಚೀಲದಲ್ಲಿ ಟವೆಲ್ಲುಗಳು, ಬಾಯಲ್ಲಿ 'ಒಣಗಿಸಿಕೊಳ್ಳಿ' ಎಂಬ ಒಂದೇ ಮಂತ್ರ. ಮೊದಲ ಮಳೆ ನಾವು ಯೇವಲಾದಲ್ಲಿ ಬಸ್ಸು ಕಾಯುವಾಗ ಬಂತು. ನನ್ನ ಮಟ್ಟಿಗೆ ಆ ಬೇಸಿಗೆ ಮುಗಿದದ್ದು ಅಲ್ಲಿ.

ಅಲ್ಲಿಂದೀಚೆಗೆ ನಮ್ಮವರು ಬೆಳಿಗ್ಗೆ ನಡೆಯುತ್ತಾರೆ, ಗುಳಿಗೆ ನುಂಗುತ್ತಾರೆ. ಮಿಸಳ್ ಉಂಟು, ಜಿಲೇಬಿ ಇಲ್ಲ. ತಮ್ಮ ರಕ್ತದ ವರದಿಗಳನ್ನು ಕಾರ್ಖಾನೆಯ ಕಡತದಂತೆ ದಾರ ಕಟ್ಟಿ ಇಟ್ಟಿದ್ದಾರೆ, ಮೇಲಿನ ಹಾಳೆಗೆ ಆ ಕೆಂಪು ಚೀಟಿಯೇ ಗುರುತು. ಹೋದ ವರ್ಷ ತಟ್ಟೆ ಏರಿದಾಗ ಹಳದಿ ಬಂತು. ಅದಕ್ಕೇ ಅವರು ಒಂದು ವಾರ ಮೀಸೆ ತಿರುವಿದರು.

ಈಗ ಮತ್ತೆ ಆ ಮದುವೆಗೆ ಬರುತ್ತೇನೆ. ಧರ್ಮಶಾಲೆಯ ಊಟದ ಹಾಲಿಗೆ ಹೊಸದಾಗಿ ಕರಿಕಲ್ಲು ಹಾಸಿದ್ದಾರೆ. ಬೂಟುಗಳೆಲ್ಲ ಹೊರಗೆ, ಒಳಗೆ ಸೆಕೆಯೋ ಸೆಕೆ, ಬಂದವರ ಕಾಲಿನ ನೀರು ಆಗಲೇ ಆರಿ ನೆಲ ಒಣಗಿತ್ತು. ನಮ್ಮವರು ಬರಿಗಾಲಲ್ಲಿ ಜಿಲೇಬಿಯ ಕಡೆ ನಾಲ್ಕು ಹೆಜ್ಜೆ ಹಾಕಿ, ನನ್ನ ಕಣ್ಣು ಕಂಡು ಮಜ್ಜಿಗೆಯ ಕಡೆ ತಿರುಗಿದರು. ಅವರು ನಡೆದ ದಾರಿಯಲ್ಲಿ ನೆಲದ ಮೇಲೆ ಏನೋ ಮಸುಕಾಗಿ ಹೊಳೆಯಿತು. ಬಗ್ಗಿ ನೋಡಿದೆ. ಐದು ಬೆರಳು, ಒಂದು ಹಿಮ್ಮಡಿ. ಅದರ ಮುಂದೆ ಇನ್ನೊಂದು. ಬಾಗಿಲಲ್ಲಿ ಅವರ ಕಾಲಿಗೆ ನೀರು ಬಿದ್ದಿರಲಿಲ್ಲ, ತಡೆದವಳು ನಾನೇ. ಬೆರಳಿನಿಂದ ಮುಟ್ಟಿದೆ. ಒದ್ದೆ ಇತ್ತು.

ಹಿಂದಿನಿಂದ ಊಟಕ್ಕೆ ಜನ ನುಗ್ಗುತ್ತಿದ್ದರು. ನಾನು ರೇಷ್ಮೆ ಸೀರೆಯಲ್ಲೇ ಅಲ್ಲಿ ಕುಕ್ಕರಗಾಲಲ್ಲಿ ಕೂತು ಎರಡೂ ಕೈ ಅಡ್ಡ ಹಿಡಿದೆ, ಆ ಹೆಜ್ಜೆಗಳು ಆರುವ ತನಕ ಯಾರಿಗೂ ತುಳಿಯಗೊಡಲಿಲ್ಲ.